ಬೆಳ್ಳಿಯ ಸದ್ದು

“ದಿಲ್ಲಿಯಿಂದ ತಪಾಸಣೆಗೆ ಬರ್ತಿದಾರೆ, ಈ ವಾರ ಬರೋಕಾಗಲ್ಲ” ಎಂದುಬಿಟ್ಟ ಮೇಲೆ ಚಂದ್ರಹಾಸನಿಗೆ ತನ್ನ ಮೇಲೇ ಒಂದಿಷ್ಟು ಗೌರವ ಹುಟ್ಟಿತು. ಸುಳ್ಳು ಇಷ್ಟು ಸಲೀಸಾಗಿ ಬಂದೀತೆಂದು ಅವನು ಎಣಿಸಿರಲಿಲ್ಲ. ಫೋನಿನ ಆ ಕಡೆ ಹೆಂಡತಿ ಜಯಲಕ್ಷ್ಮಿ ಅಡುಗೆಮನೆಯಲ್ಲಿದ್ದಳು. ಕುಕ್ಕರ್ ಕೂಗಿತು. “ಸರಿ ಬಿಡಿ” ಎಂದಳು. ಅವಳಿಗೆ ಬೇಸರವಾಯಿತೋ ಹಗುರವಾಯಿತೋ ಆ ಎರಡು ಮಾತಿನಿಂದ ತಿಳಿಯುವಂತಿರಲಿಲ್ಲ.

ಫೋನು ಅಂಗಿಯ ಜೇಬಿಗಿಟ್ಟು, ಆಟೋದ ಸೀಟಿನ ಮೇಲೆ ಮಲಗಿಸಿದ್ದ ಉದ್ದನೆಯ ಚೀಲ ಜಾರದಂತೆ ಕೈಯಲ್ಲಿ ಒತ್ತಿ ಹಿಡಿದ. ಬೇರೆ ಶನಿವಾರವಾಗಿದ್ದರೆ ಈ ಹೊತ್ತಿಗೆ ಅವನು ಎರ್ನಾಕುಲಂ ರೈಲಿನ ಕಿಟಕಿಯಲ್ಲಿ ಕೂತಿರುತ್ತಿದ್ದ. ಅಲ್ಲಿಂದ ಮೆಟ್ರೋ, ಕೊನೆಯ ನಿಲ್ದಾಣ ತ್ರಿಪ್ಪುಣಿತ್ತುರ, ಮೂರನೆಯ ಮಹಡಿಯ ಮನೆ. ಹೆಂಡತಿಗೆ ಅಲ್ಲಿ ಬ್ಯಾಂಕು, ಮಗಳಿಗೆ ಶಾಲೆ. ಇವನಿಗೆ ತಿರುವನಂತಪುರದಲ್ಲಿ ಒಂಟಿ ಕೋಣೆಯ ಕ್ವಾರ್ಟರ್ಸು.

ಆಟೋದ ಅಶ್ರಫ್ ಕನ್ನಡಿಯಲ್ಲಿ ನೋಡಿ, ಚೀಲದಲ್ಲಿ ಏನೆಂದು ಕೇಳಿದ. ಸರ್ವೇ ಸಾಮಾನು ಎಂದ ಚಂದ್ರಹಾಸ. ಒಂದು ಸುಳ್ಳಿನ ಹಿಂದೆ ಇನ್ನೊಂದು ಬರಲು ಅರ್ಧ ಗಂಟೆಯೂ ಬೇಕಾಗಲಿಲ್ಲ.

ಅವನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಹಿಂದಿ ಅಧಿಕಾರಿ. ನಂಜನಗೂಡಿನ ಕಡೆಯವನು ಕೇರಳದಲ್ಲಿ ಕೂತು, ಮಲಯಾಳಿಗಳು ಇಂಗ್ಲಿಷಿನಲ್ಲಿ ಬರೆದ ಸುತ್ತೋಲೆಗಳನ್ನು ಹಿಂದಿಗೆ ತಿರುಗಿಸುತ್ತಾನೆ. ಓದುವವರು ಯಾರೂ ಇಲ್ಲ. ಬಾಗಿಲ ಬಳಿಯ ಹಲಗೆಯ ಮೇಲೆ ದಿನಕ್ಕೊಂದು ಹಿಂದಿ ಪದ ಬರೆಯುವುದೂ ಅವನ ಕೆಲಸವೇ. ಒಮ್ಮೆ ಬೇಕೆಂದೇ ಒಂದೇ ಪದವನ್ನು ಹತ್ತೊಂಬತ್ತು ದಿನ ಬಿಟ್ಟು ನೋಡಿದ. ಯಾರೂ ಕೇಳಲಿಲ್ಲ. ಇಪ್ಪತ್ತನೆಯ ದಿನ ತಾನೇ ಒರೆಸಿದ. ಮೂರು ತಿಂಗಳಿಗೊಮ್ಮೆ ದಿಲ್ಲಿಗೆ ಕಳಿಸುವ ವರದಿಯಲ್ಲಿ ಮುಕ್ಕಾಲು ಪಾಲು ಕಾಲಂಗಳಲ್ಲಿ ‘ಶೂನ್ಯ’ ಎಂದು ತುಂಬಿ ತುಂಬಿ ಅವನ ಕೈಗೆ ಆ ಪದ ಒಗ್ಗಿಹೋಗಿತ್ತು.

ವಿಡಿಯೋಗಳು ಶುರುವಾದದ್ದು ನಾಲ್ಕು ವರ್ಷದ ಹಿಂದೆ. ಊಟದ ಬಿಡುವಿನಲ್ಲಿ, ಡಬ್ಬಿಯ ಮುಚ್ಚಳಕ್ಕೆ ಫೋನನ್ನು ಆನಿಸಿ ಏನೋ ನೋಡುತ್ತಿದ್ದಾಗ ಆ ಇಂಗ್ಲಿಷ್ ಮುದುಕ ಕಾಣಿಸಿಕೊಂಡ. ಕೊಯ್ಲಾದ ಗದ್ದೆ, ಮೋಡ, ಕಿವಿಗೆ ದೊಡ್ಡ ಹೆಡ್‌ಫೋನು, ಕೈಯಲ್ಲಿ ನೆಲದಡಿಯ ಲೋಹ ಪತ್ತೆಮಾಡುವ, ತಟ್ಟೆಯಂಥ ತುದಿಯ ಕೋಲು. ಮುದುಕ ಆ ತಟ್ಟೆಯನ್ನು ನೆಲದ ಮೇಲೆ ಅತ್ತಿಂದಿತ್ತ ಬೀಸುತ್ತ ನಡೆಯುತ್ತಾನೆ. ಸದ್ದಾದಲ್ಲಿ ಮೊಣಕಾಲೂರಿ ಅಗೆಯುತ್ತಾನೆ. ಒಂದು ಹಿತ್ತಾಳೆಯ ಬಟನ್ನು, ಒಂದು ಮೊಳೆ, ಅಪರೂಪಕ್ಕೆ ರಾಜನ ಮೂಗು ಸವೆದ ನಾಣ್ಯ. ಅಂಗೈಯಲ್ಲಿ ಇಟ್ಟುಕೊಂಡು, ಎಷ್ಟು ನೂರು ವರ್ಷದ ಹಿಂದೆ ಯಾರ ಅಂಗಿಯಿಂದ ಬಿತ್ತೋ ಎನ್ನುತ್ತಾನೆ. ಅಷ್ಟೇ. ನಲವತ್ತು ನಿಮಿಷದಲ್ಲಿ ಅಷ್ಟೇ ಆಗುವುದು ಚಂದ್ರಹಾಸನಿಗೆ ಬಹಳ ಹಿಡಿಸಿತು.

ಆಮೇಲೆ ಪಾಳು ಕೋಟೆಗಳಿಗೆ ನುಗ್ಗುವವರನ್ನೂ, ಮುಚ್ಚಿದ ಬಾವಿಗಳಿಗೆ ಇಳಿಯುವವರನ್ನೂ ನೋಡಿದ. ಅವರು ಕೂಗಾಡುತ್ತಿದ್ದರು. ಮತ್ತೆ ಮುದುಕನ ಬಳಿಗೇ ಬಂದ. ಮುದುಕನ ನಿಯಮಗಳು ಅವನಿಗೆ ಬಾಯಿಪಾಠವಾದವು. ಮೈಮೇಲೆ ಲೋಹದ್ದೇನೂ ಇರಕೂಡದು. ಅಗೆದ ಗುಂಡಿಯನ್ನು ಮುಚ್ಚಿ, ಯಾರೂ ಬಂದೇ ಇರಲಿಲ್ಲವೆಂಬಂತೆ ನೆಲವನ್ನು ಸಮ ಮಾಡಿ ಹೋಗಬೇಕು. ಸಿಕ್ಕಿದ್ದನ್ನು ಜಮೀನಿನ ಯಜಮಾನನಿಗೆ ತೋರಿಸಬೇಕು. ಸದ್ದುಗಳನ್ನೂ ಗುರುತಿಸಲು ಕಲಿತ. ಕಬ್ಬಿಣ ಗೊಗ್ಗರು ದನಿಯಲ್ಲಿ ಗೊಣಗುತ್ತದೆ. ಬೆಳ್ಳಿಯದು ಎತ್ತರದ, ತೆಳುವಾದ ಸದ್ದು. ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೇಳಿ, ಇದು ಬೆಳ್ಳಿ ಎಂದು ಮುದುಕನಿಗಿಂತ ಮೊದಲೇ ಹೇಳಿಕೊಂಡು, ಸರಿಯಾದಾಗ ಖುಷಿಪಡುತ್ತಿದ್ದ.

ಹೋದ ತಿಂಗಳು ತ್ರಿಪ್ಪುಣಿತ್ತುರದ ಮನೆಯಲ್ಲಿ, ಸೋಫಾದ ಮೇಲೆ ಮಗಳು ಮಧುರಾಳ ಪಕ್ಕ ಕೂತು ಒಂದು ವಿಡಿಯೋ ತೋರಿಸಿದ್ದ. ಹದಿನಾಲ್ಕರ ಹುಡುಗಿ ಎರಡು ನಿಮಿಷ ಮರ್ಯಾದೆಗೆ ನೋಡಿ, “ಬೋರಾಣ್ ಅಪ್ಪಾ” ಎಂದು ಮಲಯಾಳದಲ್ಲಿ ತೀರ್ಪು ಕೊಟ್ಟು ಕೋಣೆಗೆ ಹೋದಳು. ಇಸ್ತ್ರಿ ಮಾಡುತ್ತಿದ್ದ ಜಯಲಕ್ಷ್ಮಿ ತಲೆ ಎತ್ತದೆ ಕೇಳಿದಳು.

“ಅಷ್ಟು ಹುಡುಕೋಕೆ ನೀವು ಕಳ್ಕೊಂಡಿರೋದಾದ್ರೂ ಏನು?”

ಭಾನುವಾರ ಸಂಜೆಯ ರೈಲಿನಲ್ಲಿ ವಾಪಸು ಬರುತ್ತ, ವರ್ಕಲ ದಾಟುವ ಹೊತ್ತಿಗೆ, ಅವನು ಮುದುಕನದರಂಥ ಒಂದು ಯಂತ್ರವನ್ನು ಆರ್ಡರ್ ಮಾಡಿಯಾಗಿತ್ತು.

ತುಂಬ ಎಂಬ ಊರು ದಾಟಿ ಇನ್ನೂ ಉತ್ತರಕ್ಕೆ, ರಸ್ತೆ ಮುರಿದುಬಿದ್ದಲ್ಲಿ ಅಶ್ರಫ್ ಆಟೋ ನಿಲ್ಲಿಸಿದ. ಮುಂದೆ ರಸ್ತೆ ಇರಲಿಲ್ಲ, ಕಡಲೇ ಇತ್ತು. ಇಲ್ಲಿ ಮೊದಲು ಎರಡು ಸಾಲು ಮನೆ ಇದ್ದವು ಸಾರ್, ನಿಮ್ಮ ಸರ್ವೇಯವರಿಗೆ ಗೊತ್ತಿರುತ್ತದಲ್ಲ ಎಂದ ಅಶ್ರಫ್. ಗೊತ್ತು ಎಂದ ಚಂದ್ರಹಾಸ. ಮಧ್ಯಾಹ್ನ ಬಂದು ಕರೆದುಕೊಂಡು ಹೋಗಲು ಹೇಳಿ ಕಳಿಸಿದ.

ಮಳೆಗಾಲದಲ್ಲಿ ನುಂಗಿದ್ದನ್ನು ಕಡಲು ಈಗ, ಜನವರಿಯಲ್ಲಿ, ಸ್ವಲ್ಪ ಬಿಟ್ಟುಕೊಟ್ಟಿತ್ತು. ಒದ್ದೆ ಮರಳಿನ ಅಗಲವಾದ ಪಟ್ಟಿ. ಅದರಲ್ಲಿ ಕೆಂಪು ಕಲ್ಲಿನ ಅಡಿಪಾಯದ ತುಂಡುಗಳು, ಎಲ್ಲಿಗೂ ಹತ್ತಿಸದ ಮೂರು ಮೆಟ್ಟಿಲು, ಮರಳು ತುಂಬಿಕೊಂಡು ನೆಟ್ಟಗೆ ಕೂತ ಒಂದು ಕಕ್ಕಸಿನ ಬೋಗುಣಿ. ಚಂದ್ರಹಾಸನಿಗೆ ರೋಮಾಂಚನವಾಯಿತು. ವಿಡಿಯೋಗಳಲ್ಲಿ ನೋಡಿದ ಪಾಳು ನಗರಗಳ ಹಾಗೇ ಇದೆ ಅನ್ನಿಸಿತು. ಅರಬರ ಹಡಗು, ರೋಮಿನ ಹಡಗು, ಪೋರ್ಚುಗೀಸರು ಎಂದೆಲ್ಲ ಮನಸ್ಸು ಓಡಿತು. ನಾಲ್ಕೈದು ವರ್ಷದ ಹಿಂದೆ ಆ ಮೆಟ್ಟಿಲ ಮೇಲೆ ಕೂತು ಯಾರೋ ಮೀನು ಹಸನು ಮಾಡುತ್ತಿದ್ದಿರಬೇಕು ಎಂಬುದೂ ಹೊಳೆಯದೆ ಇರಲಿಲ್ಲ. ಅದನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಯಂತ್ರ ಅಗ್ಗದ್ದು. ಕೋಲು ಅವನ ಎತ್ತರಕ್ಕೆ ಗಿಡ್ಡ. ಬೆನ್ನು ಬಗ್ಗಿಸಿ, ತಟ್ಟೆಯನ್ನು ಕಾಲಿನ ಮುಂದೆಯೇ ಬೀಸುತ್ತ ನಡೆಯಬೇಕು. ಹೆಡ್‌ಫೋನು ಹಾಕಿಕೊಂಡ. ಅಲೆಯ ಸದ್ದು ದೂರವಾಯಿತು. ಮೊದಲ ಗಂಟೆಯಲ್ಲಿ ಸಿಕ್ಕಿದ್ದು ಬಾಟಲಿಯ ಬಿರಡೆಗಳು, ಗಾಳದ ಕೊಕ್ಕೆ, ಬಲೆಗೆ ಕಟ್ಟುವ ಸೀಸದ ಗುಂಡುಗಳು. ಪ್ರತಿ ಗುಂಡಿಯನ್ನೂ ಮುಚ್ಚಿ ಕಾಲಿನಿಂದ ಸವರಿದ.

ಮೆಟ್ಟಿಲುಗಳಿಂದ ನಲವತ್ತು ಹೆಜ್ಜೆ ಆಚೆ, ಒಂದು ತೆಂಗಿನ ಬೊಡ್ಡೆಯ ಬಳಿ, ಆ ಸದ್ದು ಬಂತು. ಎತ್ತರದ, ತೆಳುವಾದ ಸದ್ದು.

ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಮೊಳದಷ್ಟು ಆಳದಲ್ಲಿ, ಮರಳಿನ ಕೆಳಗಿನ ಗಟ್ಟಿ ಮಣ್ಣಿನಲ್ಲಿ, ಬೆರಳಿಗೆ ಏನೋ ಸಿಕ್ಕಿಕೊಂಡಿತು. ಕಪ್ಪಾದ ಸಣ್ಣ ಸರಪಣಿ. ಗೇಣಿಗಿಂತ ಸ್ವಲ್ಪ ಉದ್ದ, ತುದಿಯಲ್ಲಿ ಅರಳಿ ಎಲೆಯಂಥದೊಂದು ಚೂರು. ಉಜ್ಜಿದಲ್ಲಿ ಬೆಳ್ಳಿ ಮಿನುಗಿತು.

ಚಂದ್ರಹಾಸನಿಗೆ ಸಂತೋಷವಾಯಿತು. ಎಷ್ಟೋ ವರ್ಷದ ಮೇಲೆ, ಯಾರ ಹಂಗೂ ಇಲ್ಲದ ಸಂತೋಷ. ಮುದುಕನ ಹಾಗೆಯೇ ಅಂಗೈಯಲ್ಲಿಟ್ಟುಕೊಂಡು ನೋಡಿದ. ಕೈಸರಪಣಿ ಇರಬೇಕು. ಯಾವಳೋ ವ್ಯಾಪಾರಿಯ ಹೆಂಡತಿಯದು. ಮುನ್ನೂರು ವರ್ಷಕ್ಕೆ ಕಡಿಮೆಯಿಲ್ಲ ಎಂದು ತಾನೇ ಠರಾವು ಮಾಡಿದ.

ಯಾರಿಗಾದರೂ ಹೇಳಬೇಕಿತ್ತು. ಫೋಟೋ ತೆಗೆದು ಜಯಲಕ್ಷ್ಮಿಯ ಹೆಸರು ಒತ್ತುವಷ್ಟರಲ್ಲಿ, ತಾನೀಗ ತಪಾಸಣೆಯಲ್ಲಿ ಇದ್ದೇನೆಂಬುದು ನೆನಪಾಯಿತು. ಮಗಳಿಗೆ ಕಳಿಸಿದರೂ ಅದೇ ಗತಿ. ಕಚೇರಿಯವರ ಹೆಸರುಗಳನ್ನು ಮೇಲಿನಿಂದ ಕೆಳಗಿನವರೆಗೆ ಜಾರಿಸಿ ನೋಡಿದ. ಎಲ್ಲರೂ ಹಬ್ಬಕ್ಕೆ ಹೂವಿನ ಚಿತ್ರ ಕಳಿಸುವವರು. ಫೋನು ಆರಿಸಿದ. ಸರಪಣಿಯನ್ನು ಪ್ಯಾಂಟಿನ ಎಡ ಮೊಣಕಾಲ ಬಳಿಯ ಜೇಬಿಗೆ ಹಾಕಿ, ಜೇಬಿನ ವೆಲ್ಕ್ರೋ ಪಟ್ಟಿಯನ್ನು ಅಂಟಿಸಿದ. ಮುದುಕನದರಂಥದೇ ಪ್ಯಾಂಟು ಹುಡುಕಿ ತರಿಸಿಕೊಂಡಿದ್ದ. ಗುಂಡಿ ಮುಚ್ಚಿದ. ಎಷ್ಟು ಚೆನ್ನಾಗಿ ಮುಚ್ಚಿದನೆಂದರೆ, ಒಂದು ಅಲೆ ಬಂದು ಹೋದ ಮೇಲೆ ಎಲ್ಲಿ ಅಗೆದದ್ದೆಂದು ಅವನಿಗೇ ಖಚಿತವಿರಲಿಲ್ಲ. ಬೊಡ್ಡೆಯ ಬಳಿ ಎಂದಷ್ಟೇ ಹೇಳಬಹುದಿತ್ತು.

ಯಂತ್ರವನ್ನು ಹೆಗಲ ಮೇಲಿಟ್ಟು ಅರ್ಧ ಗಂಟೆ ಸುಮ್ಮನೆ ಅಡ್ಡಾಡಿ, ಮೆಟ್ಟಿಲುಗಳ ಹತ್ತಿರ ಬಂದಾಗ, ಯಾರೋ ಭುಜ ಮುಟ್ಟಿದರು. ಬೆಚ್ಚಿ, ಇನ್ನೂ ಕಿವಿಯ ಮೇಲೇ ಇದ್ದ ಹೆಡ್‌ಫೋನು ಕಿತ್ತ.

ಐವತ್ತು ದಾಟಿದ ಹೆಂಗಸು. ನೈಟಿಯ ಮೇಲೊಂದು ತೆಳು ಟವೆಲು, ತೋರ್ತು, ಹೊದ್ದಿದ್ದಳು, ಕೈಯಲ್ಲಿ ಮುಚ್ಚಳವಿದ್ದ ಪ್ಲಾಸ್ಟಿಕ್ ಡಬ್ಬಿ. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದಳೋ.

“ಏನಾದ್ರೂ ಸಿಕ್ತಾ ಸಾರೇ?”

“ಇಲ್ಲ” ಎಂದ ಚಂದ್ರಹಾಸ. ಯೋಚಿಸಿ ಹೇಳಿದ್ದಲ್ಲ. ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ ಕಾನೂನು ನೆನಪಿಗೆ ಬಂದದ್ದೂ ಬಾಯಿ ‘ಇಲ್ಲ’ ಎಂದ ಮೇಲೆ. ಹನ್ನೊಂದು ವರ್ಷ ಕಾಲಂಗಳಿಗೆ ಶೂನ್ಯ ತುಂಬಿದವನ ಬಾಯಿ ಅದು.

ಅವಳ ಹೆಸರು ಬ್ರಿಜಿತ್ತಾ. ಸರ್ವೇ ಆಫೀಸಿನವರು ಯಂತ್ರ ತಂದಿದ್ದಾರೆಂದು ಅಶ್ರಫ್ ಚಹಾದಂಗಡಿಯಲ್ಲಿ ಹೇಳಿದ್ದನಂತೆ. ಅವಳು ಎಲ್ಲವನ್ನೂ ನಿಧಾನವಾಗಿ, ಕಚೇರಿಯವರಿಗೆ ತಿಳಿಯುವಂಥ ಮಲಯಾಳದಲ್ಲಿ, ಬಿಡಿಸಿ ಬಿಡಿಸಿ ಹೇಳಿದಳು. ಬಹಳ ಕಚೇರಿಗಳಲ್ಲಿ ಹೇಳಿ ಅಭ್ಯಾಸವಾದವಳಂತೆ ಇತ್ತು. ಮನೆ ಇಲ್ಲೇ ಇತ್ತು. ನಾಲ್ಕು ವರ್ಷದ ಹಿಂದೆ ಕಡಲು ತೆಗೆದುಕೊಂಡಿತು. ಅಂದಿನಿಂದ ಗೋದಾಮಿನಲ್ಲಿ ಪರದೆ ಕಟ್ಟಿಕೊಂಡು ಇದ್ದಾರೆ. ಬರುವ ವಾರ ದೂರದಲ್ಲಿ ಫ್ಲ್ಯಾಟು ಕೊಡುತ್ತಾರೆ. ಫ್ಲ್ಯಾಟಿನ ಬಗ್ಗೆ ತಕರಾರಿಲ್ಲ.

“ಈ ಮೆಟ್ಟಿಲು ಪಕ್ಕದ ಮನೆಯವರದ್ದು” ಎಂದಳು. “ನಮ್ಮದು ಇದರ ಆಚೆಗೋ ಈಚೆಗೋ ಅಂತ ಈಗ ತಿಳೀತಿಲ್ಲ. ಕಡಲು ಮೆಟ್ಟಿಲನ್ನೂ ಎತ್ತಿ ಇಟ್ಟಿದೆ.”

ಮನೆಯ ಹಿಂದೆ ಅವಳ ಮಗ ಇದ್ದ. ಇಪ್ಪತ್ತಾರು ವರ್ಷದ ಹಿಂದೆ ಹುಟ್ಟಿ, ಒಂದು ರಾತ್ರಿ ಬದುಕಿದ್ದವನು. ಜ್ಞಾನಸ್ನಾನ ಆಗಿರಲಿಲ್ಲ. ಅಂಥ ಮಕ್ಕಳನ್ನು ಇಗರ್ಜಿಯ ಭೂಮಿಯಲ್ಲಿ ಇಡುವ ರೂಢಿ ಆಗ ಅಲ್ಲಿ ಇರಲಿಲ್ಲ. ಅವಳ ಗಂಡ ಹಿತ್ತಿಲಲ್ಲೇ ಹೂಳಿದ. ಇಪ್ಪತ್ತೆಂಟನೆಯ ದಿನ ಸೊಂಟಕ್ಕೆ ಕಟ್ಟಲೆಂದು ಅವಳು ಬಸಿರಿನ ಏಳನೆಯ ತಿಂಗಳಲ್ಲೇ ಬೆಳ್ಳಿಯ ಉಡಿದಾರ ಮಾಡಿಸಿಟ್ಟಿದ್ದಳು. ಮನೆಯಲ್ಲಿಟ್ಟುಕೊಂಡು ಮಾಡುವುದೇನೆಂದು ಅದನ್ನೂ ಜೊತೆಗೇ ಇಟ್ಟಳು. ಈಗ ಬಂದಿರುವ ಪಾದ್ರಿ ಒಳ್ಳೆಯವರು. ಆ ಜಾಗದ ಒಂದು ಹಿಡಿ ಮಣ್ಣು ತಂದರೂ ಸಾಕು, ಇಗರ್ಜಿಯ ಸಮಾಧಿ ಭೂಮಿಯಲ್ಲಿ, ಸಿಮಿತ್ತೇರಿಯಲ್ಲಿ, ಇಟ್ಟು ಪ್ರಾರ್ಥನೆ ಮಾಡಿ ಹೆಸರು ಬರೆಸೋಣ ಎಂದಿದ್ದಾರೆ.

“ಜಾಗ ತಿಳಿದರೆ ಸಾಕು ಸಾರೇ. ನಾವು ಹೋಗಿಬಿಟ್ಟರೆ ಇಲ್ಲಿ ಅವನಿಗೆ ಯಾರೂ ಇಲ್ಲ. ಬೆಳ್ಳಿ ಇದ್ದರೆ ನಿಮ್ಮ ಯಂತ್ರ ಕೂಗುತ್ತದಂತೆ, ಅಲ್ಲವೇ?”

ಚಂದ್ರಹಾಸ ಜೇಬಿನೊಳಗಿನ ಸರಪಣಿಯನ್ನು ಮನಸ್ಸಿನಲ್ಲೇ ಅಳೆದ. ಗೇಣಿಗಿಂತ ಸ್ವಲ್ಪ ಉದ್ದ. ಒಂದು ರಾತ್ರಿಯ ಮಗುವಿನ ಸೊಂಟ ಎಷ್ಟು ದಪ್ಪ ಇರುತ್ತದೆ? ಮುನ್ನೂರು ವರ್ಷ ಇಪ್ಪತ್ತಾರಕ್ಕೆ ಇಳಿಯಿತು.

ಕೊಟ್ಟುಬಿಡಬಹುದಿತ್ತು. ಬೊಡ್ಡೆಯ ಬಳಿ ಕರೆದೊಯ್ದು, ಅಕ್ಕನೆಂಬ ಸಲುಗೆಯಲ್ಲಿ, ಇಲ್ಲಿ ಸಿಕ್ಕಿತು ಚೇಚ್ಚಿ ಎಂದರೆ ಮುಗಿಯುತ್ತಿತ್ತು. ಮುದುಕನ ನಿಯಮವೂ ಅದೇ. ಆದರೆ ‘ಇಲ್ಲ’ ಎಂದಾಗಿತ್ತು. ಈಗ ತೆಗೆದರೆ, ಆಗ ಏಕೆ ಇಲ್ಲವೆಂದೆ ಎಂಬ ಪ್ರಶ್ನೆ ಬರುತ್ತದೆ. ಯಾವ ಸರ್ವೇ, ಯಾವ ಕಚೇರಿ ಎಂಬ ಪ್ರಶ್ನೆ ಬರುತ್ತದೆ. ಹೆಣದ ಮೈಮೇಲಿನ ಬೆಳ್ಳಿ ಕದ್ದವನೆಂದು ಅಶ್ರಫನ ಚಹಾದಂಗಡಿಯಲ್ಲಿ ಮಾತಾಗುತ್ತದೆ. ಇವೆಲ್ಲ ನಿಜ. ಇವುಗಳ ಅಡಿಯಲ್ಲಿ ಇನ್ನೊಂದಿತ್ತು. ಅದನ್ನು ನೆನೆದು ಅವನಿಗೆ ನಾಚಿಕೆಯಾಯಿತು. ಅದು ತನಗೆ ಸಿಕ್ಕಿದ್ದು. ನಲವತ್ತೇಳು ವರ್ಷದಲ್ಲಿ ತನ್ನ ಕೈಗೆ ತಾನಾಗಿ ಸಿಕ್ಕಿದ್ದು ಅದೊಂದೇ.

ಒಂದು ಉಪಾಯ ಹೊಳೆಯಿತು. ಹುಡುಕುವ ನೆಪದಲ್ಲಿ ಬೊಡ್ಡೆಯವರೆಗೆ ನಡೆಯುವುದು. ಅಲ್ಲಿ ಬಗ್ಗಿ, ಅವಳಿಗೆ ಕಾಣದಂತೆ ಸರಪಣಿಯನ್ನು ಮರಳಿಗೆ ಬೀಳಿಸಿ, ಈಗ ಸಿಕ್ಕಿತೆನ್ನುವುದು. ಅವಳಿಗೆ ಅವಳ ಜಾಗ, ತನಗೆ ತನ್ನ ಮಾನ.

“ನೋಡೋಣ ಚೇಚ್ಚಿ” ಎಂದ. “ಬನ್ನಿ.”

ಹೆಡ್‌ಫೋನು ಹಾಕಿಕೊಳ್ಳಹೋದ. ತನಗೂ ಕೇಳಬೇಕೆಂದಳು ಬ್ರಿಜಿತ್ತಾ. ಅವನು ವೈರು ಕಿತ್ತ. ಬೆನ್ನು ಬಗ್ಗಿಸಿ, ಎಡಗಾಲು ಮುಂದಿಟ್ಟು, ತಟ್ಟೆಯನ್ನು ಬೀಸಿದ.

ಯಂತ್ರ ಕೂಗಿತು. ಎತ್ತರದ, ತೆಳುವಾದ ಸದ್ದು.

ಬ್ರಿಜಿತ್ತಾ ಆಗಲೇ ಮೊಣಕಾಲೂರಿದ್ದಳು. ಎರಡೂ ಕೈಯಿಂದ ಮರಳು ತೋಡತೊಡಗಿದಳು. ಚಂದ್ರಹಾಸ ಇನ್ನೊಮ್ಮೆ ಬೀಸಿದ, ಮತ್ತೆ ಕೂಗಿತು. ಅವನಿಗೆ ತಿಳಿಯಿತು. ಗಿಡ್ಡ ಕೋಲು, ಬಗ್ಗಿದ ಬೆನ್ನು, ತಟ್ಟೆಯ ಪಕ್ಕದಲ್ಲೇ ಹಾದುಹೋಗುವ ಮೊಣಕಾಲ ಜೇಬು. ಮೈಮೇಲೆ ಲೋಹದ್ದೇನೂ ಇರಕೂಡದು ಎಂದು ಮುದುಕ ನೂರು ಸಲ ಹೇಳಿದ್ದ.

“ಇದು ಬೇರೆ ಏನೋ” ಎಂದ. “ಮೊಳೆಯೋ ಏನೋ ಇರಬೇಕು.”

“ಇರಲಿ” ಎಂದಳು ಅವಳು. ಗುಂಡಿಯಲ್ಲಿ ನೀರು ಒಸರಿತು. ಕೈಗೆ ಏನೂ ಸಿಗಲಿಲ್ಲ. ತಳದಿಂದ ಒಂದು ಹಿಡಿ ಮರಳು ತೆಗೆದು ಡಬ್ಬಿಗೆ ಹಾಕಿಕೊಂಡಳು. “ಬೆಳ್ಳಿ ತೆಳ್ಳಗಿತ್ತು. ಕರಗಿರಬಹುದು. ಮುಂದೆ ನೋಡಿ ಸಾರೇ.”

ಮುಂದಿನ ಹೆಜ್ಜೆಯಲ್ಲೂ ಕೂಗಿತು. ಅದರ ಮುಂದಿನದರಲ್ಲೂ. ಅವನು ತಟ್ಟೆಯನ್ನು ದೂರ ಹಿಡಿಯಲು ನೋಡಿದ, ಕೋಲು ನಿಲುಕಲಿಲ್ಲ. ಬಲಗಾಲು ಮುಂದಿಟ್ಟು ನಡೆಯಲು ನೋಡಿದ. ಎರಡು ಹೆಜ್ಜೆ ಸುಮ್ಮನಿತ್ತು, ಮೂರನೆಯದಕ್ಕೆ ಎಡಗಾಲು ಬರಲೇಬೇಕಲ್ಲ. ಯಂತ್ರ ಕೆಟ್ಟಿದೆ ಎಂದು ಆರಿಸಿಬಿಡಬಹುದಿತ್ತು. ಆದರೆ ಅವಳ ಮುಖ ನೋಡಿದ ಮೇಲೆ ಆ ಮಾತು ಹೊರಡಲಿಲ್ಲ. ಅವಳು ಸಂತೋಷವಾಗಿದ್ದಳು. ಅವನಿಗೆ ಆ ಸಂತೋಷದ ಗುರುತು ಇತ್ತು.

ಒಮ್ಮೆ, ಅವಳು ಗುಂಡಿಗೆ ಬಗ್ಗಿದ್ದಾಗ, ಜೇಬಿನ ಪಟ್ಟಿಗೆ ಕೈ ಹಾಕಿದ. ಪರ್ ಎಂದು ಬಟ್ಟೆ ಹರಿದಂಥ ಸದ್ದಾಯಿತು. ಅವಳು ತಲೆ ಎತ್ತಿದಳು. ಅವನು ಮೊಣಕಾಲು ಉಜ್ಜಿಕೊಂಡ. ನೋವೇ ಸಾರೇ ಎಂದು ಅವಳು ಕೇಳಿದಳು. ಹೌದು ಎಂದ. ವಯಸ್ಸಾಗುತ್ತಿದೆ, ನೀವೂ ನಮಗಾಗಿ ಎಷ್ಟು ಬಗ್ಗುತ್ತೀರಿ ಎಂದು ಅವಳು ಮರುಗಿದಳು. ಅವನು ಪಟ್ಟಿಯನ್ನು ಮತ್ತೆ ಒತ್ತಿ ಅಂಟಿಸಿದ.

ಮೆಟ್ಟಿಲುಗಳಿಂದ ಬೊಡ್ಡೆಯ ಕಡೆಗೆ ಗುಂಡಿಗಳ ಸಾಲು ಬೆಳೆಯಿತು. ಒಂದೊಂದರಲ್ಲೂ ನೀರು ನಿಂತಿತ್ತು. ಅವಳು ಒಂದನ್ನೂ ಮುಚ್ಚಲಿಲ್ಲ. ಒಂದೊಂದರಿಂದಲೂ ಒಂದು ಹಿಡಿ. ಆಮೇಲೆ ಅರ್ಧ ಹಿಡಿ. ಆಮೇಲೆ ಒಂದು ಚಿಟಿಕೆ.

“ಎಲ್ಲ ಕಡೆಯೂ ಇದ್ದಾನಲ್ಲ ಸಾರೇ” ಎಂದಳು. “ನಾನು ಒಂದೇ ಕಡೆ ಅಂತ ತಿಳಿದಿದ್ದೆ. ಕಡಲು ಅವನನ್ನು ಎಲ್ಲ ಕಡೆ ಹರಡಿದೆ.”

ಬೊಡ್ಡೆಗೆ ಇನ್ನು ಹತ್ತು ಹೆಜ್ಜೆ. ಅಲ್ಲಿ ಎಲ್ಲ ಸರಿಹೋಗುತ್ತದೆ. ಹಿಂದಿನ ಗುಂಡಿಗಳ ಮಣ್ಣನ್ನು ಚೆಲ್ಲಿ, ಇದೇ ಜಾಗ, ಇದೇ, ಎಂದು ಹೇಳುವುದು. ಬೈದರೆ ಬೈಯಲಿ. ಈ ಸಲ ಹೇಳುತ್ತೇನೆಂದು ಅವನಿಗೆ ನಿಜಕ್ಕೂ ಅನ್ನಿಸಿತು. ಆರು ಹೆಜ್ಜೆ. ಮೂರು. ಮೊದಲ ವಾಕ್ಯವನ್ನು ಮಲಯಾಳದಲ್ಲಿ ಜೋಡಿಸಿಕೊಂಡ. ಬಾಯಿಗೆ ಬಂದದ್ದು ಹಿಂದಿ. ಮತ್ತೆ ಜೋಡಿಸಿದ.

ಬೊಡ್ಡೆಯ ಪಕ್ಕ ನಿಂತು ತಟ್ಟೆ ಬೀಸಿದ. ಯಂತ್ರ ಕೂಗಿತು.

“ಚೇಚ್ಚಿ, ಇಲ್ಲಿ” ಎಂದ.

ಬ್ರಿಜಿತ್ತಾ ಬಗ್ಗಲಿಲ್ಲ. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಅದರ ಮುಚ್ಚಳವನ್ನು ತಿರುಗಿಸುತ್ತಿದ್ದಳು.

“ಸಾಕು ಸಾರೇ. ತುಂಬಿತು.”

“ಅಲ್ಲ, ಇಲ್ಲಿ...”

“ಅಲ್ಲೂ ಇರುತ್ತಾನೆ” ಎಂದಳು. “ಸ್ವಲ್ಪ ಇಲ್ಲೇ ಉಳಿಯಲಿ.”

ಒದ್ದೆ ಕೈಯನ್ನು ತೋರ್ತಿಗೆ ಒರೆಸಿಕೊಂಡು, ಅವನ ಎರಡೂ ಕೈಗಳನ್ನು ಒಮ್ಮೆ ಹಿಡಿದು ಬಿಟ್ಟಳು. ದೇವರು ಕಳಿಸಿದ ಹಾಗೆ ಬಂದಿರಿ ಎಂದಳು. ನಿಮಗೆ ಮಕ್ಕಳಿದ್ದಾರೆಯೇ ಎಂದು ಕೇಳಿ, ಅವನು ತಲೆಯಾಡಿಸಿದ್ದನ್ನು ನೋಡಿ, ಅವರಿಗೆ ಒಳ್ಳೆಯದಾಗಲಿ ಎಂದಳು. ಡಬ್ಬಿಯನ್ನು ತೋರ್ತಿನ ಒಳಗೆ ಸೇರಿಸಿ, ಎಳೆಗೂಸನ್ನು ಬಿಸಿಲಿಗೆ ಮರೆಮಾಡುವಂತೆ ಅಂಚು ಎಳೆದುಕೊಂಡು, ರಸ್ತೆಯ ಕಡೆ ನಡೆದಳು. ಮರಳಿನಲ್ಲಿ ಕಾಲು ಹೂತುಹೋಗುತ್ತಿದ್ದರೂ ಬೇಗ ಬೇಗ ನಡೆದಳು.

ಚಂದ್ರಹಾಸ ನಿಂತೇ ಇದ್ದ. ಮಲಯಾಳದ ಆ ವಾಕ್ಯ ಈಗ ಪೂರ್ತಿ ನೆನಪಾಯಿತು. ಕೂಗಿ ಹೇಳಿದರೆ ಇನ್ನೂ ಕೇಳಿಸುವಷ್ಟು ದೂರದಲ್ಲೇ ಅವಳಿದ್ದಳು.

ಮೊದಲು ಯಂತ್ರವನ್ನು ಆರಿಸೋಣವೆಂದು, ಕೋಲಿನ ಬುಡದಲ್ಲಿದ್ದ ಸ್ವಿಚ್ಚಿಗಾಗಿ ತಡಕುತ್ತ ಬಗ್ಗಿದ. ಬಗ್ಗಿದಷ್ಟೂ ಅದು ಕೂಗಿತು.